ನಲವತ್ತೊಂದರ ಮಧ್ಯಾಹ್ನ

ನಾನು ನೀರು ಹಾಕಿದರೆ ಕುರ್ಚಿಯ ಕಾಲೂ ಚಿಗುರುತ್ತದೆ. ಒಮ್ಮೆ ಚಿಗುರಿಯೂ ಇತ್ತು. ಅದರ ಮೇಲೆ ಕೂತಿದ್ದ ಗುಮಾಸ್ತರು ಸಂಜೆ ಏಳುವಷ್ಟರಲ್ಲಿ ಎರಡು ಅಡಿ ಮೇಲೆ ಹೋಗಿಬಿಟ್ಟಿದ್ದರು. ಸಸ್ಯ ಸಂಗ್ರಹಾಲಯದ ಗಾಜಿನಮನೆಯನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿರುವವನು ನಾನು. ಭೂಮಿಯ ಮೇಲೆ ನನ್ನಂಥ ತೋಟಗಾರರು ಮೂವರಿದ್ದಾರಂತೆ. ಉಳಿದಿಬ್ಬರು ನನ್ನಿಂದಲೇ ಕಲಿತಿರಬೇಕು.

ಇಂಥದ್ದನ್ನೆಲ್ಲ ಹೇಳುವಾಗ ನನ್ನ ಎರಡೂ ಕೈಗಳು ಗಾಳಿಯಲ್ಲಿ ಆಡುತ್ತಿರುತ್ತವೆ. ಅದು ಹುಟ್ಟುಗುಣ. ಕೈ ಕಟ್ಟಿಹಾಕಿದರೆ ನನಗೆ ಮಾತೇ ಹೊರಡುವುದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಹಗ್ಗ ಹುಡುಕುತ್ತಲೂ ಇದ್ದಾಳೆ.

ಒಂಬತ್ತು ವರ್ಷದ ಹಿಂದೆ, ಬಿಸಿಲೂ ಮಳೆಯೂ ದಿನಕ್ಕೆರಡು ಸಲ ಜಗಳವಾಡುವ ಯಾವುದೋ ಕಾಡಿನಿಂದ ನಮ್ಮಲ್ಲಿಗೆ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಒದ್ದೆ ಪಾಚಿಯಲ್ಲಿ ಸುತ್ತಿದ ಎರಡು ಗೆಡ್ಡೆಗಳು. ಹೆಸರಿಲ್ಲ, ಕುಲವಿಲ್ಲ, ತಗಡಿನ ಚೀಟಿಯ ಮೇಲೆ ನಲವತ್ತೊಂದು ಎಂಬ ಅಂಕಿ ಮಾತ್ರ. ಒಂದನ್ನು ಬಾಗಿಲ ಪಕ್ಕದ ಮಡಿಯಲ್ಲಿ ನೆಟ್ಟೆ, ಇನ್ನೊಂದನ್ನು ನೀರಿನ ತೊಟ್ಟಿಯ ಪಕ್ಕದಲ್ಲಿ. ಎರಡೂ ಬೆಳೆದವು. ಬೆಳೆದವು ಎಂದರೆ, ಗಾಜಿನ ಛಾವಣಿಯನ್ನು ಭುಜದಿಂದ ಎತ್ತಿ ಪಕ್ಕಕ್ಕಿಟ್ಟವು ಎಂದೇ ನಾನು ಎಲ್ಲರಿಗೂ ಹೇಳಿದ್ದೆ. ಅಳೆದರೆ ಏಳು ಅಡಿ.

ಆದರೆ ಆ ಏಳು ಅಡಿಯೊಳಗೆ ಒಂದು ಚೂರು ಮರವಿಲ್ಲ. ಇದು ಶುಂಠಿಯ ದೂರದ ದಾಯಾದಿ; ವರ್ಷ ವರ್ಷವೂ ಬದುಕುವ ಮೂಲಿಕೆ. ಕಾಂಡ ಎಂದು ನಾವು ಕೈಯಿಟ್ಟು ಒರಗುವ ಕಂಬ ಕಾಂಡವೇ ಅಲ್ಲ. ಎಲೆಗಳ ಬುಡದ ಹಾಳೆಗಳು ಒಂದರೊಳಗೊಂದು, ಅದರೊಳಗೆ ಮತ್ತೊಂದು, ಬಿಗಿಯಾಗಿ ಸುತ್ತಿಕೊಂಡು ಕಂಬದ ವೇಷ ಹಾಕಿರುತ್ತವೆ. ನಿಜವಾದ ಕಾಂಡ ಮಣ್ಣಿನಡಿಯಲ್ಲಿ ಅಡ್ಡಲಾಗಿ ಮಲಗಿ, ವರ್ಷಕ್ಕೊಂದು ಗೆಣ್ಣು ಮುಂದೆ ತೆವಳುತ್ತದೆ. ಮೇಲಿನದು ಒಣಗಿ ಬಿದ್ದರೆ ಅದಕ್ಕೆ ಚಿಂತೆಯಿಲ್ಲ. ಇನ್ನೊಂದು ಕಣ್ಣು ತೆರೆದು ಇನ್ನೊಂದು ಕಂಬ ಕಳಿಸುತ್ತದೆ. ಎಲೆಯನ್ನು ಉಜ್ಜಿದರೆ ಮೆಣಸೂ ನಿಂಬೆಯೂ ಒಟ್ಟಿಗೆ ಸೀನಿದಂಥ ವಾಸನೆ. ನನಗಿಂತ ದೊಡ್ಡ ಬಡಾಯಿಕೋರ ಗಿಡವದು. ಅದಕ್ಕೇ ನಮ್ಮಿಬ್ಬರಿಗೂ ಹೊಂದಿಕೆಯಾಗುತ್ತಿತ್ತು.

ಒಂಬತ್ತು ವರ್ಷ ಬರೀ ಎಲೆ. ಹತ್ತನೇ ವರ್ಷ ಬಾಗಿಲ ಮಡಿಯ ಗಿಡ ತುದಿಯಲ್ಲೊಂದು ಗೊನೆ ಬಿಟ್ಟಿತು. ಗೊನೆಯ ಭಾರಕ್ಕೆ ಕಂಬ ಬಾಗಿ, ಹೂಗಳು ಕೂತವರ ಕಣ್ಣಿನ ಮಟ್ಟಕ್ಕೆ ಇಳಿದವು. ಬೆಳಗಾಗುವಾಗ ಮೂರ್ನಾಲ್ಕು ಹೂ ಬಿರಿಯುತ್ತವೆ, ಸಂಜೆಗೆ ಉದುರುತ್ತವೆ. ಒಂದು ಹೂವಿಗೆ ಒಂದೇ ಹಗಲಿನ ಆಯಸ್ಸು. ಬಿಳಿಯ ಹೂವಿಗೆ ಕೆಂಪು ಗೆರೆಯ ದೊಡ್ಡ ತುಟಿ. ಆ ತುಟಿಯೂ ವೇಷವೇ. ಅದು ಎಸಳಲ್ಲ, ಪರಾಗ ಹೊರುವ ಕೆಲಸ ಬಿಟ್ಟ ಕೇಸರಗಳು ಒಂದಾಗಿ ಬೆಸೆದು ಎಸಳಿನಂತೆ ಅರಳಿಕೊಂಡಿವೆ. ಕೆಲಸ ಬಿಡದ ಕೇಸರ ಒಂದೇ ಒಂದು. ಅದರ ಎರಡು ಪರಾಗದ ಚೀಲಗಳ ನಡುವಿನ ಸಂದಿಯಲ್ಲಿ, ಸೂಜಿಗೆ ಪೋಣಿಸಿದ ದಾರದಂತೆ, ಹೂವಿನ ಹೆಣ್ಣುಭಾಗವಾದ ಶಲಾಕೆ ಹಾದುಬಂದು, ತುದಿಯನ್ನು ಮಾತ್ರ ಹೊರಗೆ ಚಾಚಿರುತ್ತದೆ. ಆ ತುದಿ ಒಂದು ಅಕ್ಕಿಕಾಳಿಗಿಂತ ದೊಡ್ಡದಲ್ಲ. ನನ್ನ ಅಕ್ಕನ ಇಪ್ಪತ್ತೆರಡು ವರ್ಷದ ಕೆಲಸ ಅದಕ್ಕೆ ನೇತುಬಿತ್ತು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನನಗೆ ನಡೆಯಲು ಕಲಿಸಿದವಳೂ ಅವಳೇ, ಕಲಿತ ಮೇಲೆ ಕಿವಿ ಹಿಂಡಿ ನಿಲ್ಲಿಸಿದವಳೂ ಅವಳೇ. ನಮ್ಮ ಮನೆಯಲ್ಲೇ ಇರುತ್ತಾಳೆ. ಸಂಗ್ರಹಾಲಯದ ದೊಡ್ಡ ಪುಸ್ತಕಕ್ಕೆ ಗಿಡಗಳ ಚಿತ್ರ ಬರೆಯುವುದು ಅವಳ ಕೆಲಸ. ಅವಳು ಬರೆದ ಹೂವಿನ ಮೇಲೆ ಜೇನುನೊಣ ಕೂತು, ಮೋಸ ಹೋಗಿ, ದೂರು ಕೊಡಲು ಕಚೇರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಲ್ಲೊಂದು ನಿಯಮವಿದೆ. ಪ್ರತಿ ಹೂವನ್ನೂ ಇಬ್ಬರು ಬರೆಯಬೇಕು, ಒಬ್ಬರದನ್ನೊಬ್ಬರು ನೋಡಬಾರದು. ಚಿತ್ರಗಳು ಮುಚ್ಚಿದ ಲಕೋಟೆಯಲ್ಲಿ ಮೇಲಿನವರಿಗೆ ಹೋಗುತ್ತವೆ. ಎರಡೂ ಕೂಡಿದರೆ ಅಚ್ಚಿಗೆ. ಕೂಡದಿದ್ದರೆ, ತಪ್ಪು ನೋಡಿದವರು ಮೇಜು ಬಿಟ್ಟು, ಒಣಗಿದ ಗಿಡಗಳಿಗೆ ಚೀಟಿ ಅಂಟಿಸುವ ಕೋಣೆಗೆ ಹೋಗಬೇಕು. ಒಳ್ಳೆಯ ಮಸೂರವಿರುವ ಮೇಜು ಇದ್ದದ್ದು ಒಂದೇ. ಹಾಗಾಗಿ ಬೆಳಿಗ್ಗೆಯಿಂದ ಒಂದು ಗಂಟೆಯವರೆಗೆ ಅಕ್ಕ. ಎರಡರಿಂದ ಸಂಜೆಯವರೆಗೆ ಇನ್ನೊಬ್ಬರು, ನಾವೆಲ್ಲ ಎರಡು ಗಂಟೆಯವರು ಎನ್ನುತ್ತಿದ್ದ ತೆಳ್ಳಗಿನ ಮನುಷ್ಯ. ಇಬ್ಬರೂ ಒಂದೇ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತರು. ಮುಖಾಮುಖಿಯಾದದ್ದು ಹತ್ತು ಸಲವೂ ಇಲ್ಲ. ಸೀಸದ ಕಡ್ಡಿ ಹೆರೆದ ರೀತಿ ನೋಡಿ ಅವರ ಆರೋಗ್ಯ ಹೇಳಬಲ್ಲೆ ಎನ್ನುತ್ತಿದ್ದಳು ಅಕ್ಕ. ಇಷ್ಟು ವರ್ಷದಲ್ಲಿ ಅವರಿಬ್ಬರ ಚಿತ್ರ ಒಮ್ಮೆಯೂ ಬೇರೆಯಾಗಿರಲಿಲ್ಲ.

ನಲವತ್ತೊಂದರ ಹೂವನ್ನು ಕೊಯ್ದು, ನೀರಿನ ಲೋಟದಲ್ಲಿಟ್ಟು, ಬೆಳಿಗ್ಗೆ ಒಂದನ್ನೂ ಮಧ್ಯಾಹ್ನ ಒಂದನ್ನೂ ಆ ಮೇಜಿಗೆ ಹೊತ್ತವನು ನಾನೇ. ಎರಡೂ ಬಾಗಿಲ ಮಡಿಯದೇ. ಮಾರನೆಯ ದಿನ ಮೇಡಂ ಅಕ್ಕನನ್ನು ಕರೆದರು. ಲಕೋಟೆಗಳನ್ನು ಒಡೆದು ತಾಳೆ ನೋಡುವವರು ಈ ಮೇಡಂ. ಹಿಂದಿನಿಂದ ಎಲ್ಲರೂ ಅವರನ್ನು ಭೂತಗನ್ನಡಿ ಎನ್ನುತ್ತಾರೆ. ಆ ಹೆಸರಿಟ್ಟವನು ನಾನು. ಅದು ಅವರಿಗೂ ಗೊತ್ತು.

ಮೇಜಿನ ಮೇಲೆ ಎರಡು ಚಿತ್ರ. ಅಕ್ಕನದರಲ್ಲಿ ಶಲಾಕೆಯ ತುದಿ ಪರಾಗದ ಚೀಲಗಳಿಂದ ಮೇಲಕ್ಕೆದ್ದು ಬಾಗಿತ್ತು. ಎರಡು ಗಂಟೆಯವರದರಲ್ಲಿ ಕೆಳಕ್ಕಿಳಿದು ತುಟಿಯತ್ತ ಬಾಗಿತ್ತು.

"ಮೇಲೋ ಕೆಳಗೋ ಅಂತ ಗೊತ್ತಾಗದಷ್ಟು ಸಣ್ಣದಲ್ಲ ಇದು," ಎಂದರು ಮೇಡಂ. "ಶುಕ್ರವಾರ ಹತ್ತು ಗಂಟೆಗೆ ಇಬ್ಬರೂ ಗಾಜಿನಮನೇಲೇ ಕೂತು, ಗಿಡದ ಮೇಲಿರೋ ಹೂವನ್ನೇ ಬರೀರಿ. ನಾನೂ ಬರ್ತೀನಿ."

ಅಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ನಾನು ಬಂದದ್ದು ತಿಳಿದೂ ಕೈ ತೆಗೆಯಲಿಲ್ಲ.

"ಎಡಗಣ್ಣಲ್ಲಿ ನೀನು ಹಬೆ ಹಿಂದೆ ನಿಂತ ಹಾಗೆ ಕಾಣ್ತೀಯ," ಎಂದಳು.

"ಬಲಗಣ್ಣಲ್ಲಿ?"

"ಬಲಗಣ್ಣಲ್ಲಿ ನಿನ್ನ ಸುಳ್ಳೂ ಕಾಣುತ್ತೆ."

ನಗಬೇಕೆಂದುಕೊಂಡೆ, ಆಗಲಿಲ್ಲ. "ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು. ಪೊರೆ. ಬರೆಯೋವಾಗ ಬಲಗಣ್ಣಲ್ಲೇ ನೋಡ್ತೀನಿ, ಸರಿಯಾಗೇ ಇದೆ ಅಂದ್ಕೊಂಡಿದ್ದೆ. ಹೇಳಿದ್ರೆ ಮೇಜು ಹೋಗುತ್ತೆ ಅಂತ ಹೇಳ್ಲಿಲ್ಲ."

ಒಲೆಯ ಮುಂದಿದ್ದ ನನ್ನ ಹೆಂಡತಿ ತಿರುಗಿ ನಿಂತಳು. "ಅತ್ತಿಗೆ, ಹೂವು ಮೇಲಿದ್ರೇನು ಕೆಳಗಿದ್ರೇನು. ಚೀಟಿ ಅಂಟಿಸೋ ಕೋಣೇಲಿ ಫ್ಯಾನ್ ಇದೆಯಂತೆ."

"ಫ್ಯಾನ್ ಅಲ್ಲ ಕಣೆ," ಎಂದಳು ಅಕ್ಕ. "ಇಪ್ಪತ್ತೆರಡು ವರ್ಷ ಕಂಡಿದ್ದನ್ನೇ ಬರೆದೆ. ಕಂಡಿದ್ದೇ ಸುಳ್ಳು ಅಂತಾದ್ರೆ, ಆ ಕಪಾಟಿನಲ್ಲಿರೋ ಆರುನೂರು ಚಿತ್ರ ಏನು ಹಾಗಾದ್ರೆ?"

ನನ್ನ ಹೆಂಡತಿ ಒಲೆಯ ಕಡೆ ತಿರುಗಿಕೊಂಡಳು.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಗುರುವಾರ ಬೆಳಕು ಹರಿಯುತ್ತಲೇ ಒಂದು ಸಣ್ಣ ಚಿಮಟ ಹಿಡಿದು ಗಾಜಿನಮನೆಗೆ ಹೋದೆ. ಶಲಾಕೆಯ ತುದಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಕೂರಿಸಲು ಆಗುತ್ತದೆಯೇ ಎಂದು ಕೈ ಪಳಗಿಸಿಕೊಳ್ಳುವುದು, ಶುಕ್ರವಾರ ಒಂಬತ್ತೂವರೆಗೆ ಕೆಲಸ ಮುಗಿಸುವುದು. ಹೂವಿಗೆ ಬಾಯಿಯಿಲ್ಲ, ಚಾಡಿ ಹೇಳುವುದಿಲ್ಲ. ಬಾಗಿಲ ಮಡಿಯಲ್ಲಿ ಮೂರು ಹೂ ಆಗಷ್ಟೇ ಬಿರಿದಿದ್ದವು. ಚಿಮಟ ಚಾಚಿದೆ. ನೋಡಿದರೆ ತುದಿ ಆಗಲೇ ಮೇಲಿದೆ! ಮೂರರಲ್ಲೂ! ಅಕ್ಕ ಬರೆದಂತೆಯೇ, ಕೂದಲೆಳೆಯೂ ಆಚೀಚೆಯಿಲ್ಲದೆ.

ಚಿಮಟವನ್ನು ಜೇಬಿಗಿಳಿಸಿ, ಕಾಲುಮಣೆ ಹಾಕಿಕೊಂಡು ಕೂತೆ. ಇನ್ನು ಇದು ಇಳಿಯದಂತೆ ಕಾಯಬೇಕು, ಅಷ್ಟೇ. ಎಂಟು ಗಂಟೆ, ಒಂಬತ್ತು, ಹತ್ತು, ಮೇಲೇ ಇದೆ. ಪರಾಗದ ಚೀಲಗಳು ಬಿರಿದು ಬಿಳಿಪುಡಿ ಕಾಣುತ್ತಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನಂತೆ ರೆಪ್ಪೆ ಬಡಿಯದೆ ನೋಡಿದೆ. ಹನ್ನೊಂದೂವರೆಗೆ ಏನೋ ಬದಲಾಗಿದೆ ಅನ್ನಿಸಿತು. ಏನೆಂದು ತಿಳಿಯಲಿಲ್ಲ. ತುದಿಯ ಹಿಂದೆ, ಗಾಜಿನ ಚೌಕಟ್ಟಿನ ಕಬ್ಬಿಣದ ಪಟ್ಟಿಯ ಅಂಚು ಕಾಣುತ್ತಿತ್ತು. ಬೆಳಿಗ್ಗೆ ತುದಿ ಆ ಅಂಚಿನ ಮೇಲಿತ್ತು. ಈಗ ಅಂಚನ್ನು ಮುಟ್ಟಿತ್ತು. ನಾನು ಅಲುಗಿದೆನೇನೋ ಎಂದು ಕಾಲುಮಣೆಯ ಕಾಲುಗಳ ಸುತ್ತ ಸುಣ್ಣದಕಡ್ಡಿಯಿಂದ ಗೆರೆ ಎಳೆದೆ, ಗಲ್ಲವನ್ನು ಗುದ್ದಲಿಯ ಹಿಡಿಯ ಮೇಲಿಟ್ಟೆ, ಉಸಿರನ್ನೂ ಪಕ್ಕಕ್ಕೆ ಬಿಟ್ಟೆ. ಹನ್ನೆರಡಕ್ಕೆ ತುದಿ ಅಂಚಿನ ಕೆಳಗಿತ್ತು. ಒಂದು ಗಂಟೆಗೆ ಪರಾಗದ ಚೀಲಗಳನ್ನು ದಾಟಿ ಇಳಿದಿತ್ತು. ಎರಡು ಗಂಟೆಯ ಹೊತ್ತಿಗೆ ತುಟಿಯತ್ತ ಬಾಗಿ, ಬಾಗಿಲ ಬಳಿ ಯಾರಿಗೋ ಕಾಯುವವರಂತೆ ನಿಂತಿತ್ತು. ಮೂರು ಹೂಗಳೂ, ಒಂದೇ ಲಯದಲ್ಲಿ. ಗಾಳಿಯಿಲ್ಲ. ಯಾರೂ ಮುಟ್ಟಿಲ್ಲ.

ಒಂಬತ್ತು ವರ್ಷ ನೀರು ಹಾಕಿದ್ದೇನೆ, ಗಿಡ ಎಂದರೆ ನೆಟ್ಟ ಕಡೆ ನಿಲ್ಲುವಂಥದ್ದು ಎಂದುಕೊಂಡಿದ್ದೆ. ಇದು ನನ್ನ ಕಣ್ಣೆದುರಿಗೇ, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ತನ್ನ ಕೆಲಸದ ಮೇಲೆ ಹೊರಟಿತ್ತು. ಜೇಬಿನಲ್ಲಿದ್ದ ಚಿಮಟಕ್ಕೆ ನಾಚಿಕೆಯಾಯಿತು.

ಮೇಡಂ ಕೋಣೆಗೆ ಓಡಿದೆ. ಅಕ್ಕನೂ ಅಲ್ಲೇ ಇದ್ದಳು, ಶುಕ್ರವಾರಕ್ಕೆ ಬೇಕಾದ ಕಾಗದ ಕೇಳಲು ಬಂದಿದ್ದಳು.

"ಮೇಡಂ, ಅದು ಚಲಿಸುತ್ತೆ. ಬೆಳಿಗ್ಗೆ ಮೇಲಿರುತ್ತೆ, ಮಧ್ಯಾಹ್ನ ಕೆಳಗಿಳಿಯುತ್ತೆ. ಇಬ್ಬರೂ ಸರಿಯಾಗೇ ಬರ್ದಿದಾರೆ."

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹೋದ ತಿಂಗಳು ಬಳ್ಳಿ ನಿನ್ನ ಕನ್ನಡಕ ಕಿತ್ಕೊಂಡು ಹಾಕ್ಕೊಳ್ತು ಅಂದೆ."

"ಅದು ಸ್ವಲ್ಪ ಹೆಚ್ಚಾಯ್ತು, ಮೇಡಂ."

"ಅದಕ್ಕೂ ಮುಂಚೆ ತಾವರೆ ಎಲೆ ಮೇಲೆ ಮೂರು ಜನ ಕೂತು ಊಟ ಮಾಡಿದ್ವಿ ಅಂದೆ."

"ಇಬ್ಬರು, ಮೇಡಂ."

"ಹೋಗಪ್ಪ, ನೀರು ಹಾಕು. ಅಕ್ಕನ ಮೇಲಿನ ಪ್ರೀತಿ ಅರ್ಥ ಆಗುತ್ತೆ."

ಇಪ್ಪತ್ತಾರು ವರ್ಷ ಕೂಡಿಹಾಕಿದ ಸುಳ್ಳುಗಳೆಲ್ಲ ಒಂದೇ ಸಲ ಎದುರು ನಿಂತು ನನ್ನ ಬಾಯಿ ಮುಚ್ಚಿದವು. ಹೊರಗೆ ಬಂದಾಗ ಅಕ್ಕ ನನ್ನ ಮುಖ ನೋಡಲಿಲ್ಲ, ಜೇಬು ನೋಡಿದಳು.

ಶುಕ್ರವಾರ ಹತ್ತು ಗಂಟೆ. ಎರಡು ಗಂಟೆಯವರು ಬೆಳಗಿನ ಬಿಸಿಲಿಗೇ ಕಣ್ಣು ಕಿರಿದು ಮಾಡಿಕೊಂಡು ಬಂದರು. ಅಕ್ಕನಿಗೆ ಕೈಮುಗಿದು, "ನಾನು ಕಂಡಿದ್ದನ್ನೇ ಬರೆದೆ, ಅಮ್ಮಾ," ಎಂದರು. "ನಾನೂ ಅಷ್ಟೇ," ಎಂದಳು ಅಕ್ಕ. ಮೇಜು, ಮಸೂರ, ಕಾಗದ ಎಲ್ಲವನ್ನೂ ನಾನು ಬಾಗಿಲ ಮಡಿಯ ಮುಂದೆ ಜೋಡಿಸಿಟ್ಟಿದ್ದೆ. ನಾಲ್ಕು ಹೂ ಬಿರಿದಿದ್ದವು. ನಾಲ್ಕರಲ್ಲೂ ತುದಿ ಮೇಲೆ. ಗೆದ್ದೆವೆಂದು ಒಳಗೊಳಗೇ ಕುಣಿಯುತ್ತಿದ್ದೆ.

ಮೇಡಂ ನನ್ನ ಮುಖ ನೋಡಿದರು, ಜೋಡಿಸಿಟ್ಟ ಮೇಜು ನೋಡಿದರು. "ನೀನು ಇಷ್ಟು ಖುಷಿಯಾಗಿ ತೋರಿಸೋ ಹೂವು ನನಗೆ ಬೇಡ," ಎಂದರು. "ಅಲ್ಲಿ ತೊಟ್ಟಿ ಹತ್ರ ಇನ್ನೊಂದು ಬಿಟ್ಟಿದೆಯಲ್ಲ. ಮೇಜು ಅಲ್ಲಿಗೆ ಒಯ್ಯಿ."

ತೊಟ್ಟಿಯ ಪಕ್ಕದ ಗಿಡ ಎರಡು ದಿನದ ಹಿಂದಷ್ಟೇ ಹೂವಿಗೆ ಬಂದಿತ್ತು. ಒಂದೇ ಪೆಟ್ಟಿಗೆಯಲ್ಲಿ ಬಂದ ಗೆಡ್ಡೆ, ಅದೇ ಎಲೆ, ಅದೇ ಹೂವು. ನಾನು ಅದನ್ನು ನೋಡುವ ಗೋಜಿಗೇ ಹೋಗಿರಲಿಲ್ಲ. ಮೇಜು ಹೊತ್ತು ಅಲ್ಲಿಟ್ಟೆ. ಇಟ್ಟು, ಬಗ್ಗಿ ಹೂವನ್ನು ನೋಡಿದೆ.

ತುದಿ ಕೆಳಗಿತ್ತು.

ಬೆಳಿಗ್ಗೆ ಹತ್ತು ಗಂಟೆಗೆ, ತುಟಿಯತ್ತ ಬಾಗಿ, ಕೆಳಗೆ. ಅಕ್ಕ ಮಸೂರಕ್ಕೆ ಬಲಗಣ್ಣು ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಮೇಲೆ ಎಂದು ಬರೆದುಬಿಡು ಅಕ್ಕ, ಎಂದು ಮನಸ್ಸಿನಲ್ಲೇ ಕೂಗಿದೆ. ಅವಳು ಸೀಸದ ಕಡ್ಡಿ ತೆಗೆದುಕೊಂಡಳು, ಬರೆದಳು. ಕೆಳಗೆ ಇದ್ದದ್ದನ್ನು ಕೆಳಗೆ ಎಂದೇ ಬರೆದಳು. ಆಮೇಲೆ ಎರಡು ಗಂಟೆಯವರು ಕೂತರು. ಅವರೂ ಕೆಳಗೆ.

ಮೇಡಂ ಎರಡು ಹಾಳೆಗಳನ್ನೂ ಪಕ್ಕಪಕ್ಕ ಹಿಡಿದರು. ಅವರ ದನಿ ಮೆತ್ತಗಿತ್ತು. "ಇಬ್ಬರದೂ ಕೂಡುತ್ತೆ. ಹಾಗಾದ್ರೆ ಮೊದಲನೇದು..."

"ಒಂದು ನಿಮಿಷ," ಎಂದಳು ಅಕ್ಕ. ತನ್ನ ಹಾಳೆ ವಾಪಸು ತೆಗೆದುಕೊಂಡು, ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಳು: ಹತ್ತು ಗಂಟೆ ಇಪ್ಪತ್ತು ನಿಮಿಷ. "ಈಗ ಕೂತ್ಕೊಳ್ಳೋಣ, ಮೇಡಂ. ಎರಡು ಗಂಟೆ ತನಕ."

"ಯಾಕೆ?"

"ನನ್ನ ತಮ್ಮ ಸುಳ್ಳು ಹೇಳೋವಾಗ ಕೈ ಆಡಿಸ್ತಾನೆ. ನಲವತ್ತೆಂಟು ವರ್ಷದಿಂದ ನೋಡಿದೀನಿ. ನಿನ್ನೆ ನಿಮ್ಮೆದುರು ಮಾತಾಡೋವಾಗ ಎರಡೂ ಕೈ ಜೇಬಲ್ಲಿತ್ತು."

ಜೇಬಿನಲ್ಲಿ ಯಾಕಿತ್ತೆಂದು ನಾನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ. ಅಲ್ಲಿ ಚಿಮಟವಿತ್ತು.

ಮೇಡಂ ಗಡಿಯಾರ ನೋಡಿದರು, ನಿಟ್ಟುಸಿರು ಬಿಟ್ಟರು, ತೊಟ್ಟಿಯ ಕಟ್ಟೆಯ ಮೇಲೆ ಕೂತರು. ನಾಲ್ವರೂ ಕೂತೆವು. ಸೆಕೆ. ಗಾಜಿನ ಮೇಲಿಂದ ಹನಿಗಳು ಜಾರಿ ತೊಟ್ಟಿಗೆ ಬೀಳುವ ಸದ್ದು. ಹನ್ನೊಂದು ಗಂಟೆಗೆ ಮತ್ತೊಂದು ಚಿತ್ರ, ಕೆಳಗೇ. ಹನ್ನೊಂದೂವರೆಗೆ ಅಕ್ಕ ಮಸೂರದ ಮೇಲೆ ಬಗ್ಗಿದವಳು ಮೇಲೇಳಲೇ ಇಲ್ಲ.

"ಸಾರ್, ನೀವೊಮ್ಮೆ ನೋಡಿ," ಎಂದಳು.

ಎರಡು ಗಂಟೆಯವರು ನೋಡಿದರು. ಅವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮೇಡಂ ಇಬ್ಬರನ್ನೂ ಸರಿಸಿ ತಾವೇ ಕಣ್ಣಿಟ್ಟರು.

ತುದಿ ಏಳುತ್ತಿತ್ತು. ಬಾಗಿಲ ಮಡಿಯಲ್ಲಿ ಇಳಿಯುವ ಹೊತ್ತಿಗೆ ಇಲ್ಲಿ ಅದು ಏಳುತ್ತಿತ್ತು! ನಾನು ಬಾಗಿಲ ಕಡೆ ಓಡಿದೆ. "ಇಲ್ಲಿ ಇಳೀತಿದೆ!" ಎಂದು ಕೂಗಿದೆ. "ಇಲ್ಲಿ ಏಳ್ತಿದೆ!" ಎಂದು ಎರಡು ಗಂಟೆಯವರು ಅಲ್ಲಿಂದ ಕೂಗಿದರು. ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು ಬಾಗಿಲಿಗೆ ಓಡಿಬಂದರು, ನೋಡಿದರು, ತೊಟ್ಟಿಗೆ ಓಡಿದರು, ನೋಡಿದರು, ಮತ್ತೆ ಓಡಿಬಂದರು. ಆ ಗಾಜಿನಮನೆಯ ಉದ್ದವನ್ನು ಅವರು ಹದಿನಾಲ್ಕು ಸಲ ಅಳೆದರು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ, ನಾನು ಎಣಿಸಿದೆ.

ಹನ್ನೆರಡೂಕಾಲಿಗೆ ಎರಡೂ ಮಡಿಗಳ ತುದಿಗಳು ಪರಾಗದ ಚೀಲದ ಮಟ್ಟಕ್ಕೇ ಬಂದು ಸಮನಾದವು. ಆಮೇಲೆ ಅದು ಇಳಿಯಿತು, ಇದು ಏರಿತು. ಏರಿದ ಮೇಲೆ, ಬೆಳಿಗ್ಗೆಯಿಂದ ಮುಚ್ಚಿಕೊಂಡಿದ್ದ ಇಲ್ಲಿಯ ಪರಾಗದ ಚೀಲಗಳು ಮೆಲ್ಲಗೆ ಬಿರಿದವು. ಅಷ್ಟರಲ್ಲಿ ಗಾಳಿಕಿಂಡಿಯಿಂದ ಒಂದು ದಪ್ಪ ದುಂಬಿ ಬಂತು. ತೊಟ್ಟಿಯ ಹೂವಿನ ತುಟಿಯ ಮೇಲಿಳಿದು ಒಳಕ್ಕೆ ನುಗ್ಗಿತು, ಬೆನ್ನಿಗೆ ಬಿಳಿಪುಡಿ ಬಳಿದುಕೊಂಡು ಹೊರಬಂತು. ಹೂವಿನ ಸ್ವಂತ ತುದಿ ಮೇಲಕ್ಕೆ ಸರಿದು ನಿಂತಿತ್ತು. ಆ ಬೆನ್ನು ಅದಕ್ಕೆ ತಾಗಲಿಲ್ಲ. ದುಂಬಿ ಗುಂಯ್‌ಗುಡುತ್ತ ಬಾಗಿಲ ಮಡಿಗೆ ಹೋಯಿತು. ಅಲ್ಲಿ ತುದಿ ಕೆಳಗಿಳಿದು ಕಾಯುತ್ತಿತ್ತು. ದುಂಬಿ ಒಳಹೊಕ್ಕಾಗ ಆ ತುದಿ ಅದರ ಬೆನ್ನನ್ನು ಸವರಿತು.

ಅಕ್ಕ ಗಡಿಯಾರ ನೋಡಿ ಹಾಳೆಯ ಮೇಲೆ ಗಂಟೆ ಬರೆದಳು.

"ಬೆಳಿಗ್ಗೆ ಆ ಗಿಡ ಕೊಡುತ್ತೆ, ಈ ಗಿಡ ತಗೊಳುತ್ತೆ," ಎಂದರು ಮೇಡಂ ಕೊನೆಗೆ, ತಮಗೆ ತಾವೇ ಎಂಬಂತೆ. "ಮಧ್ಯಾಹ್ನ ಈ ಗಿಡ ಕೊಡುತ್ತೆ, ಆ ಗಿಡ ತಗೊಳುತ್ತೆ. ತನ್ನದು ತನಗೇ ತಾಗಬಾರದು ಅಂತ ಇಷ್ಟೆಲ್ಲ." ಅವರ ಭೂತಗನ್ನಡಿಯಂಥ ಕಣ್ಣಲ್ಲಿ ನೀರಿತ್ತು. ಸೆಕೆಗೆ, ಎಂದು ಆಮೇಲೆ ಹೇಳಿದರು.

ನನ್ನ ತಲೆಯಲ್ಲಿ ಬೇರೊಂದು ಓಡುತ್ತಿತ್ತು. ಯಾವ ಗಡಿಯಾರವೂ ಇಲ್ಲದ ಕಾಡಿನಲ್ಲಿ, ಯಾರೂ ನೋಡದ ಕಡೆ, ಈ ಹುಲ್ಲಿನಂಥ ಮೂಲಿಕೆಗಳು ದಿನದಿನವೂ ಹೀಗೆ ಕೊಟ್ಟು ತೆಗೆದುಕೊಂಡು ಬಂದಿವೆ. ನಾನು ಇಷ್ಟು ವರ್ಷ ಹೇಳಿದ ಯಾವ ಸುಳ್ಳೂ ಇದರ ಮೊಣಕಾಲಿಗೂ ಬರುವಂತಿರಲಿಲ್ಲ.

ಎರಡು ಗಂಟೆಯವರು ಅಕ್ಕನ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷ ಒಂದೇ ಮೇಜಲ್ಲಿ ಕೂತ್ವಿ. ಒಮ್ಮೆ ಆದ್ರೂ ಮಧ್ಯಾಹ್ನ ಹೇಗಿತ್ತು ಅಂತ ನೀವು ಕೇಳಿದ್ರೆ, ಬೆಳಿಗ್ಗೆ ಹೇಗಿತ್ತು ಅಂತ ನಾನು ಕೇಳಿದ್ರೆ, ಅಷ್ಟು ಸಾಕಿತ್ತಲ್ಲ ಅಮ್ಮಾ."

"ನಿಯಮ ಇತ್ತಲ್ಲ, ಸಾರ್," ಎಂದಳು ಅಕ್ಕ. ಆಮೇಲೆ ಮೇಡಂ ಎದುರು ನಿಂತಳು. ಅವಳು ಏನು ಹೇಳಲಿದ್ದಾಳೆಂದು ನನಗೆ ಗೊತ್ತಾಗಿ, ಬೇಡ ಎಂದು ಕೈಸನ್ನೆ ಮಾಡಿದೆ. ಗೆದ್ದಮೇಲೆ ಯಾರಾದರೂ ಹೇಳುತ್ತಾರೆಯೇ?

"ಮೇಡಂ, ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ಒಂದು ವರ್ಷದಿಂದ. ಮುಚ್ಚಿಟ್ಟಿದ್ದೆ."

ಮೇಡಂ ಅವಳನ್ನು ನೋಡಿದರು. ಮೇಜಿನ ಮೇಲಿದ್ದ ಹಾಳೆಯನ್ನು, ತನ್ನನ್ನೇ ಸುಳ್ಳುಗಾರ್ತಿ ಮಾಡುವುದೆಂದು ತಿಳಿದೂ ಅವಳು ಕೆಳಗೆ ಎಂದೇ ಬರೆದ ಆ ಚಿತ್ರವನ್ನು, ಕೈಗೆತ್ತಿಕೊಂಡರು.

"ಮಸೂರಕ್ಕೆ ಎಷ್ಟು ಕಣ್ಣು ಬೇಕಮ್ಮ?"

"ಒಂದು."

"ಹಾಗಾದ್ರೆ ಆಪರೇಷನ್ ಮಾಡಿಸ್ಕೊಂಡು ಬನ್ನಿ. ಅಲ್ಲೀ ತನಕ ಆ ಒಂದರಲ್ಲೇ ಬರೀರಿ. ಇನ್ಮೇಲೆ ಪ್ರತಿ ಚಿತ್ರದ ಕೆಳಗೂ ಗಂಟೆ ಹಾಕ್ಬೇಕು. ಮೇಜು ಬಿಡೋ ಮುಂಚೆ ಇಬ್ಬರೂ ಒಂದರ್ಧ ಗಂಟೆ ಕೂತು ಮಾತಾಡ್ಬೇಕು. ಇದೂ ನಿಯಮ."

ಪುಸ್ತಕದಲ್ಲಿ ಈಗ ನಲವತ್ತೊಂದಕ್ಕೆ ಒಂದಲ್ಲ, ನಾಲ್ಕು ಹೂವುಗಳಿವೆ: ಬಾಗಿಲ ಮಡಿಯ ಬೆಳಿಗ್ಗೆ, ಬಾಗಿಲ ಮಡಿಯ ಮಧ್ಯಾಹ್ನ, ತೊಟ್ಟಿಯ ಬೆಳಿಗ್ಗೆ, ತೊಟ್ಟಿಯ ಮಧ್ಯಾಹ್ನ. ಕೆಳಗೆ ಎರಡು ಸಹಿ. ಮೂರನೆಯದು ನನ್ನದಾಗಬೇಕಿತ್ತು, ಜಾಗ ಸಾಲಲಿಲ್ಲವಂತೆ.

ಮೊನ್ನೆ ಗಾಜಿನಮನೆ ನೋಡಲು ಬಂದವರೊಬ್ಬರು ಕೇಳಿದರು, "ಆ ಹೂವಿನದು ಎಷ್ಟು ದೂರ ಚಲಿಸುತ್ತೆ?" ನನ್ನ ಎರಡು ಕೈಗಳೂ ತಾವಾಗಿ ಮೇಲೆದ್ದು ಒಂದು ಮಾರು ಅಗಲವಾದವು. ಬಾಗಿಲ ಬಳಿ ಅಕ್ಕ ನಿಂತಿದ್ದಳು, ಎರಡೂ ಕಣ್ಣು ತೆರೆದು.

ಕೈಗಳನ್ನು ಜೇಬಿಗಿಳಿಸಿದೆ.

"ಒಂದು ಅಕ್ಕಿಕಾಳಿನಷ್ಟು," ಎಂದೆ.